ಯಾರನ್ನೂ ಕೇಳದ ಓರಗಿತ್ತಿ

ನನ್ನ ಓರಗಿತ್ತಿ ಸವಿತ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ಹೇಳುತ್ತಿದ್ದಳು. ಮದುವೆಯಾಗಿ ಬೆಸಗರಹಳ್ಳಿ ಹತ್ತಿರದ ನಮ್ಮೂರಿಗೆ ಬಂದ ಹತ್ತನೆಯ ದಿನವೇ ಬ್ಯಾಗು ಹೆಗಲಿಗೇರಿಸಿಕೊಂಡು, ಜಗಲಿಯಲ್ಲಿ ಕೂತಿದ್ದ ಅತ್ತೆಯ ಮುಂದೆ ನಿಂತು, "ಅತ್ತೆ, ಮದ್ದೂರ್‌ಗೋಗಿ ಬತ್ತೀನಿ. ನಿಮ್ಗೇನಾರ ತರ್ಬೇಕಾ?" ಅಂದಳು. ಇವತ್ತು ಇವಳ ಗ್ರಹಚಾರ ಬಿಡಿಸುತ್ತಾರೆ ಅಂತ ನಾನು ಬಾಗಿಲ ಸಂದಿಯಲ್ಲಿ ಆಸೆಯಿಂದ ಕಾದೆ. ಅತ್ತೆ ವೀಳ್ಯದೆಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೋವಿನೆಣ್ಣೆ ತತ್ತಾ. ಮಂಡಿ ಇಡ್ಕಂಡದೆ" ಅಂದರು. ಅಷ್ಟೇ.

ನಾನು ಹಿರಿಸೊಸೆ. ಆ ಮನೆಗೆ ಬಂದು ಆಗಲೇ ಒಂಬತ್ತು ವರ್ಷ. ಕೆರಗೋಡಿನ ತವರಿಗೆ ಹೋಗಬೇಕಾದರೂ ಎರಡು ದಿನ ಅತ್ತೆಯ ಮುಖದ ಹದ ನೋಡಿ, ಕಾಲೊತ್ತಿ, ಆಮೇಲೆ ಬಾಯಿ ಬಿಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿದುಹೋಯಿತು. ಮುಂದಿನ ವಾರ ನಾನೂ ಅವಳ ಹಾಗೆಯೇ ಬ್ಯಾಗು ಹಾಕಿಕೊಂಡು ನಿಂತೆ. "ಅತ್ತೆ, ಮದ್ದೂರ್‌ಗೆ..." ಅಂತ ಶುರುಮಾಡಿ, "ಓಗ್ಲಾ?" ಅಂದುಬಿಟ್ಟೆ. "ಯಾಕೆ, ಏನಿದ್ದದು ಅಲ್ಲಿ?" ಅಂದರು ಅತ್ತೆ. ಒಳಗೆ ಹೋಗಿ ರಾಗಿ ಕೇರುತ್ತ ಕೂತೆ.

ನೋಡುವುದಕ್ಕೆ ಸವಿತ ಅಂಥ ಚೆಲುವೆಯೇನಲ್ಲ. ಇದನ್ನು ಬರೆಯುವಾಗ ಈಗಲೂ ನನಗೊಂದು ಸಣ್ಣ ಸಂತೋಷ. ಕುಳ್ಳಿ, ಹಲ್ಲು ಸ್ವಲ್ಪ ಮುಂದು, ಅವಳು ತೊಳಸಿದ ಮುದ್ದೆಯಲ್ಲಿ ಗಂಟೋ ಗಂಟು. ನನ್ನ ಮುದ್ದೆಯಲ್ಲಿ ಒಂದು ಗಂಟು ತೋರಿಸಿದವರಿಲ್ಲ. ಆದರೂ ಹಾಲಿನ ಡೇರಿಯ ಮುಂದೆ ನಿಂತ ಹೆಂಗಸರು ಕೇಳುತ್ತಿದ್ದದ್ದು "ಸವಿತ ಬರ್ನಿಲ್ವಾ?" ಅಂತಲೇ. ಯಾರಾದರೂ ಹಣೆಬರಹ ಅಂತ ಗೋಳು ತೆಗೆದರೆ ಅವಳ ಮಾತು ಒಂದೇ: "ಮಳೆ, ಕರೆಂಟು, ರೇಷ್ಮೆಗೂಡಿನ ರೇಟು ನಮ್ ಕೈಲಿಲ್ಲ, ಬುಡಿ. ಕೈಲಿರೋದ್ಕಾರ ಕೈ ಆಕಾನ." ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳದ ಮನೆಯಲ್ಲಿ ಒಂದು ಸ್ಟ್ಯಾಂಡು ನನ್ನದು, ಇನ್ನೊಂದು ಅವಳದು. ಹುಳ ಹಣ್ಣಾದಾಗ, ಅಂದರೆ ಸೊಪ್ಪು ಬಿಟ್ಟು ಗೂಡು ಕಟ್ಟುವುದಕ್ಕೆ ತಲೆ ಎತ್ತಿದಾಗ, ಆರಿಸಿ ಚಂದ್ರಂಕಿ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ನಮ್ಮ ಮನೆಯಲ್ಲಿ ಮೊದಲ ಹುಳವನ್ನು ಅತ್ತೆಯೇ ಅರಿಶಿನ ಕುಂಕುಮ ಇಟ್ಟು ಬಿಡುವುದು ಪದ್ಧತಿ. ಒಂದು ಸಲ ಅತ್ತೆ ತಂಗಿಯ ಮನೆಯ ತಿಥಿಗೆಂದು ಮಳವಳ್ಳಿಗೆ ಹೋದ ದಿನವೇ, ಎಣಿಸಿದ್ದಕ್ಕಿಂತ ಒಂದು ದಿನ ಮುಂಚೆ, ಹುಳ ಹಣ್ಣಾಗಿಬಿಟ್ಟವು. ಅತ್ತೆಗೆ ಫೋನು ಮಾಡಿದೆ. ಅದು ಅಡುಗೆಮನೆಯಲ್ಲೇ ಬಡಿದುಕೊಂಡಿತು, ಬಿಟ್ಟುಹೋಗಿದ್ದರು. ಮಂಡ್ಯದಲ್ಲಿ ಕೆಲಸದಲ್ಲಿದ್ದ ನಮ್ಮವರಿಗೆ ಮಾಡಿದೆ. "ಅವ್ವನ್ನೇ ಕೇಳು" ಅಂದರು.

"ಉಳ ಯಾರ್ನೂ ಕಾಯಕಿಲ್ಲ ಕಣಕ್ಕ" ಅಂದವಳೇ ಸವಿತ ಸೆರಗು ಸಿಕ್ಕಿಸಿದಳು. ತಾನೇ ಅರಿಶಿನ ಕುಂಕುಮ ಇಟ್ಟು ಕೈಮುಗಿದು ಆರಿಸತೊಡಗಿದಳು. ನಾನು ಮುಟ್ಟಲಿಲ್ಲ. ಅತ್ತೆ ಬಂದು ಅವಳಿಗೆ ಮಾಡುವ ಮಂಗಳಾರತಿಯನ್ನು ನೆನೆಯುತ್ತ ಗೋಡೆಗೊರಗಿ ನಿಂತೆ. ಅವಳು ಎರಡು ಸಲ ಕರೆದಳು, ಆಮೇಲೆ ತನ್ನ ಪಾಡಿಗೆ ತಾನು ಆರಿಸಿದಳು. ಸಂಜೆ ಬಸ್ಸಿಗೆ ಅತ್ತೆ ಬರುವಷ್ಟರಲ್ಲಿ ಅವಳ ಚಂದ್ರಂಕಿಗಳೆಲ್ಲ ತುಂಬಿದ್ದವು. ನನ್ನ ಹುಳ ಕಸಕಡ್ಡಿಯ ನಡುವೆಯೇ ನೂಲು ಬಿಟ್ಟು ಸುತ್ತಿಕೊಳ್ಳುತ್ತಿದ್ದವು. ಅತ್ತೆ ಎರಡೂ ಕಡೆ ನೋಡಿ ನನ್ನತ್ತಲೇ ತಿರುಗಿದರು.

"ಕಣ್ಣಿರ್ನಿಲ್ವಾ ನಿಂಗೆ? ನಾನ್ ಸತ್ತೋದ್ರೆ ಉಳ್ವ ಮಣ್ಣಿಗಾಕೀಯಾ?"

ಪದ್ಧತಿ ಉಳಿಸಿದವಳಿಗೆ ಬೈಗುಳ, ಮುರಿದವಳಿಗೆ ಒಂದು ಮಾತಿಲ್ಲ. ನಾನು ಅತ್ತುಬಿಟ್ಟೆ. ಸವಿತ ಪಕ್ಕದಲ್ಲಿ ಕೂತು ಕಸದೊಳಗಿಂದ ನನ್ನ ಹುಳ ಬಿಡಿಸಿಕೊಟ್ಟಳು. ಅದಕ್ಕೂ ನನಗೆ ಸಿಟ್ಟೇ ಬಂತು.

ಆಮೇಲೆ ಅವಳು ಗಂಡನನ್ನು ಹೊರಡಿಸಿಕೊಂಡು ಮಳವಳ್ಳಿಗೆ ಹೋಗಿ ಚಾಕಿ ಮನೆ ಮಾಡಿದಳು. ಮೊಟ್ಟೆಯೊಡೆದ ಮರಿಹುಳಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುವ ಕೆಲಸ. ಹೋಗುವ ದಿನ ನನ್ನ ಕೈ ಹಿಡಿದುಕೊಂಡಳು. "ನೀವೂ ಬನ್ನಿ ಅಕ್ಕ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಓದ್ರಾಯ್ತು. ಸೊಪ್ಪು ಸಣ್ಗೆ ಕುಯ್ಯದ್ರಲ್ಲಿ ನಿಮ್ ಕೈ ಯಾರ್ಗೂ ಬರಾಕಿಲ್ಲ. ಅರ್ಧ ನಿಮ್ದು, ಅರ್ಧ ನಂದು."

ಹೋಗಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ ಒಗೆದಿಟ್ಟ ಎರಡು ಸೀರೆಗಳನ್ನು ಬೇರೆಯಾಗಿ ಮಡಿಸಿಟ್ಟಿದ್ದೆ. "ಮನೇಲಿ ಕೇಳಿ ಏಳ್ತೀನಿ" ಅಂದೆ. ಅವಳು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. "ಇನ್ನೂ ಒಪ್ಪಿಲ್ಲ ಕಣವ್ವ" ಅನ್ನುತ್ತಿದ್ದೆ. ಕೊನೆಗೆ "ಬ್ಯಾಡ ಅಂದ್ಬುಟ್ರು" ಅಂದೆ.

ಮುಂದೆ ಒಂದು ದಿನ ಮಳವಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಅವಳು ತನ್ನ ಚಾಕಿ ಮನೆಗೆ ಸೇರಿಸಿಕೊಂಡಿದ್ದ ಶಾಹೀನ ಅನ್ನುವವಳ ಜೊತೆ ಸೊಪ್ಪಿನ ಹೊರೆ ಇಳಿಸುತ್ತಿದ್ದುದನ್ನು ಕಂಡೆ. ಇಬ್ಬರೂ ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ನಾನು ಮಾತಾಡಿಸದೆ ಬಸ್ಸು ಹತ್ತಿದೆ. ನನ್ನ ಜಾಗದಲ್ಲಿ ಆ ಶಾಹೀನ ನಗುತ್ತಿದ್ದಾಳೆ ಅಂತ ದಾರಿಯುದ್ದಕ್ಕೂ ಕುದಿದೆ.

ಸವಿತ ಊರಿಗೆ ಕೊನೆಯ ಸಲ ಬಂದದ್ದು ಮಾರಿಹಬ್ಬಕ್ಕೆ, ತನ್ನ ಮಗುವನ್ನು ಎತ್ತಿಕೊಂಡು. ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಅತ್ತೆಗೆ ನಗುತ್ತಲೇ ಅಂದಳು: "ಏನತ್ತೆ, ಅಕ್ಕನ್ನ ಕಳಿಸ್ಲೇ ಇಲ್ವಲ್ಲ ನೀವು."

ಅತ್ತೆಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಬಾಯೊಳಗಿನ ಎಲೆಯಡಿಕೆ ಉಗಿದು ಬಂದು, "ಊಂ ಕಣವ್ವ, ನಾನೇ ಬ್ಯಾಡ ಅಂದೆ. ಮನೆ ಯಾರ್ ನೋಡ್ಕಂಡರು?" ಅಂದರು.

ಇಷ್ಟು ವರ್ಷ ಯಾರಿಗೆ ಹೆದರಿ ಬದುಕಿದ್ದೆನೋ ಅವರೇ ನನ್ನ ಸುಳ್ಳನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡರು. ಅದನ್ನು ತಡೆದುಕೊಳ್ಳಲು ನನ್ನಿಂದಾಗಲಿಲ್ಲ.

"ಇಲ್ಲ ಸವಿತ. ಅತ್ತೆ ಅನ್ನಿಲ್ಲ. ನಾನು ಕೇಳ್ಲೇ ಇಲ್ಲ" ಅಂದೆ.

ಅವಳು ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿಲ್ಲ. ಮಗುವನ್ನು ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ನನ್ನತ್ತ ನೋಡದೆ ಹೇಳಿದಳು.

"ಶಾಹೀನನ್ನ ಸೇರಿಸ್ಕಳಕ್ ಮುಂಚೆ ಮೂರ್ ತಿಂಗ್ಳು ಒಬ್ಳೇ ಮಾಡ್ದೆ ಅಕ್ಕ. ನೀವ್ ಬತ್ತೀರಿ ಅಂತ."