ಶನಿವಾರದ ಹೊಗೆ

ಮೇಸ್ತ್ರಿಯವರ ಎಡ ಹುಬ್ಬು ಯಾವಾಗ ನೋಡಿದರೂ ಅರ್ಧ ಸುಟ್ಟಿರುತ್ತಿತ್ತು. ಬಲಹುಬ್ಬು ಬೆಳ್ಳಗೆ ಪೊದೆಯ ಹಾಗೆ ಬೆಳೆದಿದ್ದರೆ ಎಡದ್ದು ಕೆಂಚಗಾಗಿ ಮುರುಟಿಕೊಂಡಿತ್ತು. ಬೀಡಿ ಹಚ್ಚುವಾಗ ಮೈಮೇಲೆ ಗಮನವಿಲ್ಲದ ಮನುಷ್ಯ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಟೀಚರಾದವರಿಗೆ ತೀರ್ಮಾನ ಮಾಡುವ ಚಟ ಸ್ವಲ್ಪ ಜಾಸ್ತಿ.

ಆಲ್ದೂರಿನ ಆಚೆ, ಕಾಫಿ ತೋಟಗಳ ನಡುವಿನ ದೊಡ್ಡ ಕೆರೆಯಲ್ಲಿ ಒಂದು ನಡುಗಡ್ಡೆಯಿದೆ. ಅಲ್ಲಿದ್ದದ್ದು ಎರಡೇ ಮನೆ. ಒಂದು, ಎಸ್ಟೇಟಿನಲ್ಲಿ ನಲವತ್ತು ವರ್ಷ ಆಳುಗಳಿಂದ ಕೆಲಸ ತೆಗೆದು ನಿವೃತ್ತರಾದ ಈ ಮೇಸ್ತ್ರಿಯವರದು. ಇನ್ನೊಂದು ಹಳೇ ಹೆಂಚಿನ ಮನೆ. ರಜೆಗೆ ಇರಲಿ ಎಂದು ಅದನ್ನು ನಾನು ಕೊಂಡೆ. ಚಿಕ್ಕಮಗಳೂರಿನ ನನ್ನ ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ. ಹಾರ್ನ್ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಇಲ್ಲಿ ಕಾರನ್ನು ದಡದ ಹಲಸಿನ ಮರದ ಕೆಳಗೆ ಬಿಟ್ಟು, ಅಡ್ಡಲಾಗಿ ಕಟ್ಟಿದ ಹಗ್ಗವನ್ನು ಕೈಯಿಂದ ಎಳೆಯುತ್ತಾ ತೆಪ್ಪದಲ್ಲಿ ದಾಟಬೇಕು. ಗ್ಯಾಸ್ ಸಿಲಿಂಡರೂ ಹಾಗೇ, ಅಕ್ಕಿ ಮೂಟೆಯೂ ಹಾಗೇ, ಉಸಿರು ಬಿಗಿಹಿಡಿದು ಕೂರುತ್ತಿದ್ದ ನನ್ನ ಅಕ್ಕನೂ ಹಾಗೇ.

"ಇಲ್ಲಿ ಹಾರ್ನ್ ಹೊಡೆಯೋದು ಮಂಗಟ್ಟೆ ಹಕ್ಕಿ ಒಂದೇ ಟೀಚ್ರೇ, ಅದಕ್ಕೆ ಸೈಡ್ ಕೊಡ್ಬೇಕಂತಿಲ್ಲ," ಎಂದು ಮೇಸ್ತ್ರಿಯವರು ಮೊದಲ ದಿನವೇ ನನ್ನನ್ನು ನಗಿಸಿದ್ದರು.

ಮಗಳು ಮದುವೆಯಾಗಿ ಹೋದ ಮೇಲೆ ಒಂಟಿ ಜೀವ. ಆದರೆ ಹಳೇ ಅಭ್ಯಾಸ ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ನಿಂತು ಕೋಳಿಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು. ತಡವಾಗಿ ಬಂದ ಹುಂಜಕ್ಕೆ, "ನಿಂಗೆ ಇವತ್ತು ಅರ್ಧ ದಿನ ಮಾತ್ರ, ಹೋಗು!" ಎಂದು ಗದರುವುದು ನನ್ನ ಅಡುಗೆಮನೆಗೇ ಕೇಳುತ್ತಿತ್ತು. ಆಮೇಲೆ ಬೆಲ್ಲದ ಕಾಫಿ ಹಿಡಿದುಕೊಂಡು ಬರುವರು. ನಾನು ಮಾತಾಡುತ್ತಾ ಕಾಫಿ ಆರಿಸಿದರೆ, "ಕುಡೀರಿ ಮಾರಾಯ್ರೆ, ಆರಿದ್ರೆ ಅದು ಕಷಾಯ," ಎನ್ನುವರು. ಎಂಥಾ ದಿನಗಳು ಅವು! ಈಗ ನೆನೆದರೂ ನಾಲಿಗೆಗೆ ಆ ಬೆಲ್ಲದ ರುಚಿ ಬರುತ್ತದೆ.

ನೀರಿನ ಟ್ಯಾಂಕು ನೋಡಿಕೊಳ್ಳಲಿ ಎಂದು ಮನೆಯ ಒಂದು ಕೀಯನ್ನು ಅವರ ಹತ್ತಿರ ಬಿಟ್ಟಿದ್ದೆ. ಒಂದು ಬೇಸಿಗೆ ರಜೆಗೆ ಅಕ್ಕನನ್ನು ಕರೆದುಕೊಂಡು ಹೋಗಿ ಬಾಗಿಲು ತೆರೆದರೆ, ನಾವು ಬಳಸದ ಸೌದೆ ಒಲೆಯಲ್ಲಿ ಇನ್ನೂ ಬೆಚ್ಚಗಿರುವ ಬೂದಿ! ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಲೋಟ, ಒಂದು ಬೀಡಿ ತುಂಡು. ನನ್ನ ಪಿತ್ತ ನೆತ್ತಿಗೇರಿತು.

"ಮೇಸ್ತ್ರೇ, ಕೀ ಕೊಟ್ಟಿದ್ದು ಟ್ಯಾಂಕ್ ನೋಡ್ಕೊಳ್ಳಿ ಅಂತ. ನಾವಿಲ್ಲದಾಗ ಒಳಗೆ ಸಂಸಾರ ಹೂಡಿ ಅಂತಲ್ಲ."

ಅಕ್ಕನ ಎದುರಿಗೇ ಅಂದುಬಿಟ್ಟೆ. ಅವರು ಉಡಿದಾರಕ್ಕೆ ಕಟ್ಟಿದ್ದ ಕೀಯನ್ನು ಬಿಚ್ಚಿ ಜಗಲಿಯ ಮೇಲಿಟ್ಟು, "ಸರಿ ಟೀಚ್ರೇ," ಎಂದು ನಡೆದರು.

"ಏನು ಎತ್ತ ಅಂತ ಒಂದು ಮಾತು ಕೇಳಬಹುದಿತ್ತಲ್ಲೇ," ಎಂದಳು ಅಕ್ಕ. ನಾನು ಕೇಳಲಿಲ್ಲ.

ಆ ಮಳೆಗಾಲ ಕಳೆದು ದಸರಾ ರಜೆಗೆ ಹೋದಾಗ ಮನೆಯೊಳಗೆ ಕಾಲಿಡಲು ಆಗಲಿಲ್ಲ. ಗೋಡೆಗೆಲ್ಲ ಹಸಿರು ಬೂಸ್ಟು, ಅಡುಗೆಮನೆಯ ಎರಡು ತೊಲೆಗಳಿಗೆ ಒರಲೆ. ಕೋಲಿನಿಂದ ತಿವಿದರೆ ಮರ ಹಿಟ್ಟಿನಂತೆ ಉದುರಿತು. ನನ್ನ ಕೂಗಾಟ ಕೇಳಿ ಬಂದ ಮೇಸ್ತ್ರಿಯವರು ಮೆಟ್ಟಿಲ ಕೆಳಗೇ ನಿಂತರು.

"ಏನ್ ಮೇಸ್ತ್ರೇ ಇದು, ಒಂದೇ ಮಳೆಗಾಲಕ್ಕೆ?"

"ಹೊಗೆ ಇಲ್ಲ ಅಲ್ವಾ ಟೀಚ್ರೇ. ಒಲೆ ಉರೀದಿದ್ರೆ ಈ ಥಂಡಿಗೆ ಯಾವ ಮನೇನೂ ಉಳಿಯಲ್ಲ. ಶನಿವಾರ ಶನಿವಾರ ಬಂದು ಹೊಗೆ ಹಾಕ್ತಿದ್ದೆ. ನಾನು ಇರಕ್ಕಲ್ಲ, ಮನೆ ಇರ್ಲಿ ಅಂತ."

ಹಸಿ ಸೌದೆಯನ್ನು ಬಗ್ಗಿ ಊದಿ ಊದಿ ಹುಬ್ಬು ಸುಟ್ಟುಕೊಂಡಿದ್ದು ಎಲ್ಲಿ ಎಂದು ನನಗೆ ಆಗ ತಿಳಿಯಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಪ್ಪಾಯ್ತು ಎಂದು ಕೀಯನ್ನು ಮುಂದೆ ಹಿಡಿದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡಿ. ನಿಮ್ಮತ್ರನೇ ಇರ್ಲಿ."

ಸಿಟ್ಟೇನೂ ತೋರಿಸಲಿಲ್ಲ. ಅವರೇ ಆಚಾರಿಯನ್ನು ಕರೆಸಿ ತೊಲೆ ಬದಲಾಯಿಸಿದರು. ಅದೂ ಅಂಗಳದಲ್ಲಿ ನಿಂತೇ, "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಕೂಗುತ್ತಾ. ಬೆಲ್ಲದ ಕಾಫಿಯೂ ನಿಲ್ಲಲಿಲ್ಲ. ಆದರೆ ನನ್ನ ಹೊಸ್ತಿಲು ಮಾತ್ರ ದಾಟಲಿಲ್ಲ. ಪ್ರತಿ ರಜೆಯಲ್ಲೂ ಕೀ ಚಾಚುತ್ತಿದ್ದೆ, ಪ್ರತಿ ಸಲವೂ ಆ ಕೈಗಳು ಬೆನ್ನ ಹಿಂದೆ ಹೋಗುತ್ತಿದ್ದವು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರು ವರ್ಷದ ಮೇಲೆ ಎದೆನೋವೆಂದು ಅವರ ಮಗಳು ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಿದಳು. ಶುಕ್ರವಾರ ಸಂಜೆ ಸ್ಕೂಲು ಮುಗಿಸಿಕೊಂಡು ನೋಡಲು ಹೋದೆ. ಮುಖ ಇಳಿದುಹೋಗಿತ್ತು. ಎರಡೂ ಹುಬ್ಬು ಬೆಳ್ಳಗೆ ಸಮನಾಗಿ ಬೆಳೆದು ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು.

"ನಾಳೆ ಶನಿವಾರ ಅಲ್ವಾ ಟೀಚ್ರೇ?" ಎಂದು ಅಂಗೈ ಚಾಚಿದರು. "ಕೀ ಕೊಡಿ. ಎದ್ದ ಮೇಲೆ ಹೋಗಿ ಹೊಗೆ ಹಾಕ್ತೀನಿ."

ತಟ್ಟನೆ ಬ್ಯಾಗಿಗೆ ಕೈ ಹಾಕಿದೆ. ಕೀ ನನ್ನ ಬ್ಯಾಗಿನಲ್ಲಿರಲಿಲ್ಲ, ಮನೆಯಲ್ಲಿತ್ತು.

"ಬೆಳಿಗ್ಗೆನೇ ತಂದುಕೊಡ್ತೀನಿ ಮೇಸ್ತ್ರೇ."

"ಹೂಂ, ತನ್ನಿ," ಎಂದು ಕಣ್ಣು ಮುಚ್ಚಿದರು. ಹತ್ತು ನಿಮಿಷದ ದಾರಿ. ಆಗಲೇ ಓಡಿಹೋಗಿ ತರಬಹುದಿತ್ತು.

ಬೆಳಿಗ್ಗೆ ಏಳಕ್ಕೇ ಹೋದೆ. ಮಂಚಕ್ಕೆ ಹೊಸ ಚಾದರ ಹಾಸುತ್ತಿದ್ದರು. ಮಗಳು ಹೊರಗಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು.

ಅವಳ ಪಕ್ಕ ಸ್ವಲ್ಪ ಹೊತ್ತು ಕೂತು, ಸ್ಕೂಲಿಗೆ ರಜೆ ಹೇಳಿ, ನೇರ ಕೆರೆಗೆ ಹೋದೆ. ಹಗ್ಗ ಎಳೆದು ದಾಟಿ, ಬಾಗಿಲು ತೆರೆದು ಒಲೆಯ ಮುಂದೆ ಕೂತೆ. ಸೌದೆ ಹಸಿ. ಊದಿದೆ, ಅತ್ತೆ, ಮತ್ತೆ ಊದಿದೆ. ಕೊನೆಗೂ ಹತ್ತಿಕೊಂಡು ಹೊಗೆ ತೊಲೆ ದಾಟಿ ಹೆಂಚಿನ ಸಂದಿಯಿಂದ ಹೊರಗೆ ಹೋಯಿತು. ಆಗ ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಖುಷಿಯಿಂದ ಕೂಗಿದಳು.

"ಓ ಮೇಸ್ತ್ರೇ! ಬಂದ್ರಾ? ಹುಷಾರಾಯ್ತಾ?"

ಆ ಮನೆಯ ಹೊಗೆ ಯಾರದೆಂದು ಕೆರೆಯ ಸುತ್ತಲಿನವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು. ಬಾಗಿಲಿಗೆ ಬಂದು ನಿಂತೆ. ಇಲ್ಲ ಎಂದು ಕೂಗಿ ಹೇಳಬೇಕಿತ್ತು. ಒಳಗೆ ಹೋಗಿ ಒಲೆಗೆ ಇನ್ನೊಂದು ಸೌದೆ ಇಟ್ಟೆ.