ಆರ್ಡಿತ್ ಹಾಸಿಗೆ ಬಿಟ್ಟೆದ್ದ ಭಾನುವಾರ

ಆರ್ಡಿತ್ ನಮ್ಮ ಪಕ್ಕದ ಮನೆಯಾಕೆ. ಅಯೋವಾದ ನಮ್ಮ ಪುಟ್ಟ ಊರಿನ ಡೈನರ್ ಎಂಬ ಚಿಕ್ಕ ಹೋಟೆಲಿನಲ್ಲಿ ಹರೆಯದಿಂದ ಮುಪ್ಪಿನವರೆಗೂ ಅವಳದು ಒಂದೇ ಕೆಲಸ: ದನದ ಖೀಮಾ ಬೇಯಿಸಿ, ಪುಡಿಪುಡಿಯಾಗಿಯೇ ಮೆತ್ತನೆಯ ಬನ್ನಿಗೆ ತುಂಬಿ, ಉದುರಿದ್ದನ್ನು ತಿನ್ನಲು ಚಮಚವಿಟ್ಟು ಕೊಡುವುದು. ಡೈನರ್ ಮುಚ್ಚಿದ ಮೇಲೆ, ಆ ವಾಸನೆ ಇನ್ನು ತನ್ನ ಮನೆಯೊಳಗೆ ಬರಕೂಡದು ಎಂದುಬಿಟ್ಟಿದ್ದಳು.

ಕಳೆದ ಚಳಿಗಾಲದಲ್ಲಿ ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ನಡೆದಾಡಬೇಕು ಎಂದರು ಡಾಕ್ಟರು. ಅವಳು ಮಾತ್ರ ಏಳಲೊಲ್ಲಳು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಊಟದ ತಟ್ಟೆ ಇಟ್ಟಂತೆಯೇ ವಾಪಸು. ಗಂಡ ವೆಂಡೆಲ್ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಒಲೆಯ ಮುಂದೆ ನಿಂತವನೇ ಅಲ್ಲ.

ಒಂದು ಭಾನುವಾರ ಚರ್ಚು ಮುಗಿಸಿ ಬರುವಾಗ ಅವನು ಖೀಮಾ ತಂದ. ಈರುಳ್ಳಿ ಹೆಚ್ಚಿಕೊಡಲು ನನ್ನನ್ನು ಕರೆದ. ಬಾಣಲೆಯ ಸದ್ದಿಗೆ ಕೋಣೆಯೊಳಗಿನಿಂದ ದನಿ ಬಂತು.

"ಏನೋ ಅದು?"

"ನಿಮ್ ಡೈನರ್ ಬನ್ನು ಮಾಡ್ತಿದೀನಿ ಕಣೆ."

"ನೀನಾ? ದೇವರೇ ಕಾಪಾಡಬೇಕು. ಹುರೀಬೇಡ್ವೋ, ನೀರು ಹಾಕು!"

ಹಾಕಿದ.

"ಚೆನ್ನಾಗಿ ಒತ್ತಿ ಪುಡಿ ಮಾಡು. ಗೋಲಿ ಆಡೋಕಲ್ಲ ಅದು."

"ಸುಮ್ನೆ ಮಲಗೇ. ಅಲ್ಲಿಂದ ನಿಂಗೇನು ಕಾಣುತ್ತೆ?"

ವೆಂಡೆಲ್ ಸೌಟಿನಿಂದ ಖೀಮಾ ಒತ್ತಿದ. ಆಮೇಲೆ ಫ್ರಿಜ್ ತೆಗೆದು, ಕೋಣೆಗೂ ಕೇಳಿಸುವಷ್ಟು ಗಟ್ಟಿಯಾಗಿ ನನ್ನನ್ನು ಕೇಳಿದ, "ಯಾಕೋ ಸಪ್ಪೆ ಅನ್ಸುತ್ತೆ. ಒಂಚೂರು ಕೆಚಪ್ ಸುರೀಲಾ?"

ಮಂಚ ಕಿರುಗುಟ್ಟಿತು. ಹಿಂದೆಯೇ ವಾಕರ್ ನೆಲಕ್ಕೆ ಕುಟ್ಟುವ ಸದ್ದು. ರಾತ್ರಿಯುಡುಪಿನಲ್ಲೇ ಆರ್ಡಿತ್ ಬಾಗಿಲಲ್ಲಿ ನಿಂತಿದ್ದಳು, ಕೆದರಿದ ಕೂದಲು, ನಡುಗುವ ಕಾಲು.

"ಕೆಳಗಿಡು ಆ ಬಾಟ್ಲಿ. ಸಾಸಿವೆ, ಈರುಳ್ಳಿ, ಉಪ್ಪಲ್ಲಿ ನೆನೆಸಿದ ಸೌತೆಕಾಯಿ, ಅಷ್ಟೇ. ಕೆಚಪ್ ಅಂತೆ!"

ನಾನು ಕುರ್ಚಿ ಎಳೆದೆ. ಅವಳು ಕೂರಲಿಲ್ಲ. ಒಲೆಯ ಬಳಿಗೇ ಹೋಗಿ ಮರದ ಸೌಟು ಕಿತ್ತುಕೊಂಡು ರುಚಿ ನೋಡಿದಳು.

"ಉಪ್ಪೇ ಹಾಕಿಲ್ವಲ್ಲೋ ಮಾರಾಯ." ಆಮೇಲೆ, ನನಗೆ ಕೇಳದಿರಲಿ ಎಂಬಂತೆ, "ವೆಂಡೆಲ್, ಸ್ವಲ್ಪ ಹಿಡ್ಕೊಳ್ಳೋ. ಮತ್ತೆ ಬಿದ್ದುಬಿಡ್ತೀನೇನೋ ಅಂತ ಭಯ ಆಗುತ್ತೆ."

ಇಷ್ಟು ದಿನ ಅವಳು ಬಾಯಿಬಿಡದಿದ್ದ ಮಾತು ಅದು. ವೆಂಡೆಲ್ ಹಿಂದಿನಿಂದ ಅವಳ ಸೊಂಟ ಬಳಸಿ ನಿಂತ. ನೀರಾರುವ ತನಕ ಇಬ್ಬರೂ ಹಾಗೆಯೇ ಇದ್ದರು. ನಾನು ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಆ ದಿನ ಅವಳು ಒಂದು ಬನ್ನು ಪೂರ್ತಿ ತಿಂದಳು. ಮರುದಿನ ಅವನ ತೋಳು ಹಿಡಿದು ಕಿಟಕಿಯವರೆಗೆ ನಡೆದಳು. ಹಿಮ ಕರಗುವ ಹೊತ್ತಿಗೆ ನಮ್ಮ ಬೇಲಿಯವರೆಗೂ ಬಂದು, ವೆಂಡೆಲ್‌ನ ಅಡುಗೆಯನ್ನು ಆಡಿಕೊಂಡು ನಗತೊಡಗಿದಳು.