ಹಡಗಿನಲ್ಲಿ ಜೋಲಿ ಕಟ್ಟಿದ್ದು

ನಮ್ಮ ಕಡೆ ಹೊಸ ಮನೆ ಕಟ್ಟಿಸುವವರು ಸ್ಲ್ಯಾಬ್ ಹಾಕುವ ದಿನ ಗೌಂಡಿಗೆ ಹೇಳಿಯೇ ಹೇಳುವ ಮಾತೊಂದಿದೆ: "ಪಡಸಾಲ್ಯಾಗ ಕೊಂಡಿ ಬಿಡೋದು ಮರೀಬ್ಯಾಡಪಾ." ಫ್ಯಾನಿನ ಕೊಂಡಿಯಲ್ಲ, ತೊಟ್ಟಿಲ ಕೊಂಡಿ. ಮನೆಯಲ್ಲಿ ಆಗ ಕೂಸು ಇರಲಿ ಬಿಡಲಿ, ಕೊಂಡಿ ಮಾತ್ರ ಇರಬೇಕು. ಹಿರೇಕೆರೂರಿನ ನಮ್ಮ ಮನೆಯ ಕೊಂಡಿ ಹತ್ತಿಪ್ಪತ್ತು ವರ್ಷ ಖಾಲಿಯೇ ಇತ್ತು. ದೀಪಾವಳಿಗೆ ಜೇಡರಬಲೆ ತೆಗೆಯುವಾಗ ಅದನ್ನೂ ಒಮ್ಮೆ ಒರೆಸಿ, ನಿಟ್ಟುಸಿರು ಬಿಟ್ಟು ಇಳಿಯುತ್ತಿದ್ದೆ. ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಹಳೆಯ ಹತ್ತಿ ಸೀರೆಯೊಂದನ್ನು ಹುಡುಕಿ ತೆಗೆದು ಅದಕ್ಕೆ ಜೋಲಿ ಕಟ್ಟಿದೆ. ತೊಟ್ಟಿಲು ತರುತ್ತೇನೆ ಎಂದ ಮಗನನ್ನು ಗದರಿಸಿ ಸುಮ್ಮನಾಗಿಸಿದೆ. ಜೋಲಿಯಲ್ಲಿ ಕೂಸಿಗೆ ಎರಡೂ ಕಡೆಯಿಂದ ಅಪ್ಪಿಕೊಂಡ ಹಾಗಿರುತ್ತದೆ, ಅದು ತೊಟ್ಟಿಲಿಗೆಲ್ಲಿ ಬರಬೇಕು.

ಜೋಲಿಗೆ ಉದ್ದನೆಯ ಹಗ್ಗ ಕಟ್ಟಿ, ಅದರ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ಕೈ ಮೆಂತ್ಯಪಲ್ಲೆ ಸೋಸುತ್ತಿದ್ದರೆ ಕಾಲು ತನ್ನ ಪಾಡಿಗೆ ತಾನು ತೂಗುತ್ತಿತ್ತು. ಜೋಗುಳ ಗೀಗುಳ ನನಗೆ ಬರುವುದಿಲ್ಲ. ನನ್ನದು ಹಲಗೆಗೆ ಬೆತ್ತ ಕುಟ್ಟಿ ಕುಟ್ಟಿ ಒರಟಾದ ದನಿ. ಮಾಸೂರಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸಿಯೇ ನಿವೃತ್ತಳಾದವಳು ನಾನು. ಹಾಗಾಗಿ ಕೂಸಿಗೂ ಮಗ್ಗಿಯನ್ನೇ ಹೇಳುತ್ತಿದ್ದೆ. ಎರಡರಿಂದ ಶುರು ಮಾಡಿದರೆ ಐದರ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು, ಏಳರ ಹೊತ್ತಿಗೆ ನಿದ್ದೆ. ಶಾಲೆಯಲ್ಲೂ ಹೆಚ್ಚುಕಡಿಮೆ ಹಾಗೇ ಆಗುತ್ತಿತ್ತು.

ಸೊಸೆಗೆ ಹಾನಗಲ್ಲಿನ ಬ್ಯಾಂಕೊಂದರಲ್ಲಿ ಕೆಲಸ. ರಜೆ ಮುಗಿದು ಮತ್ತೆ ಬಸ್ಸು ಹತ್ತಿದಾಗ ಕೂಸಿಗೆ ಆರು ತಿಂಗಳು. ಬೆಳಿಗ್ಗೆ ಕೂಸು ಏಳುವ ಮೊದಲೇ ಹೋಗುವಳು, ಬರುವ ಹೊತ್ತಿಗೆ ಅದು ಜೋಲಿಯಲ್ಲಿರುತ್ತಿತ್ತು. ಬಂದವಳು ಕೈಕಾಲು ತೊಳೆದು ಜೋಲಿಯ ಮಡಿಕೆ ಸರಿಸಿ ನೋಡುವಳು. "ಎಬ್ಬಿಸಬ್ಯಾಡವಾ, ಈಗ ಮಲಗೈತಿ" ಎಂದು ನಾನು ಒಳಗಿನಿಂದಲೇ ಕೂಗುವೆ. ರಾತ್ರಿಯೂ ಕೂಸು ನನ್ನ ಮಗ್ಗುಲಲ್ಲೇ. ಅವಳು ಬೇಗ ಏಳಬೇಕಲ್ಲ ಎನ್ನುವುದು ನಾನು ಹೇಳುತ್ತಿದ್ದ ಕಾರಣ. ನಿಜ ಹೇಳಬೇಕೆಂದರೆ, ಆ ಕೂಸು ನನ್ನ ಹತ್ತಿರ ಮಾತ್ರ ಮಲಗುತ್ತದೆ ಎಂದು ಓಣಿಯವರೆದುರು ಹೇಳಿಕೊಳ್ಳುವುದು ನನಗೆ ಬಹಳ ಹಿತವಾಗಿತ್ತು. ರವಿವಾರ ಅವಳು ಮಲಗಿಸಲು ಹೋದರೆ ಅದು ರಚ್ಚೆ ಹಿಡಿಯುತ್ತಿತ್ತು. ಸೋತು ತಂದು ನನ್ನ ಕೈಗೆ ಕೊಡುವಳು. ಆಗ ಅವಳ ಮುಖವನ್ನು ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಮಗನದು ಬೀಜ ಗೊಬ್ಬರದ ಅಂಗಡಿ. ಆ ವರ್ಷ ಗೋವಿನಜೋಳದ ಬೀಜ ಚೆನ್ನಾಗಿ ಮಾರಿದನೆಂದು ಬೀಜದ ಕಂಪನಿಯವರು ಅವನನ್ನೂ ಇನ್ನಷ್ಟು ಅಂಗಡಿಕಾರರನ್ನೂ ಹಡಗಿನಲ್ಲಿ ತಿರುಗಾಡಿಸುವುದಾಗಿ ಹೇಳಿದರು. ಮುಂಬೈಯಲ್ಲಿ ಹತ್ತಿ, ಗೋವಾ ನೋಡಿ, ಮತ್ತೆ ಮುಂಬೈಯಲ್ಲಿ ಇಳಿಯುವುದು. ನಮ್ಮೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಗೋವಾದಲ್ಲಿರಬಹುದು. ಅಲ್ಲಿಗೆ ಮುಂಬೈ ಸುತ್ತಿ ಹೋಗುವುದಕ್ಕೆ ಬಹುಮಾನ ಅನ್ನುತ್ತಾರಲ್ಲ ಎಂದು ನಾನು ನಕ್ಕೆ. ಕಂಪನಿಯವರು ಕರೆದದ್ದು ಗಂಡ ಹೆಂಡಿರನ್ನು. ಮಗ ನನ್ನದೂ ಒಂದು ಟಿಕೆಟ್ ಮಾಡಿಸಿದ. "ಯವ್ವಾ, ನೀ ಬರಲಿಲ್ಲಂದ್ರ ಕೂಸು ಮಲಗಂಗಿಲ್ಲ, ನಾವೂ ಮಲಗಂಗಿಲ್ಲ" ಎಂದ. ನಾನು ಬೇಡ ಬೇಡ ಎನ್ನುತ್ತಲೇ ಚೀಲ ಇಳಿಸಿದೆ.

ಹೊರಡುವ ಹಿಂದಿನ ದಿನ ಸೊಸೆ ಅಡುಗೆಮನೆಗೆ ಬಂದು ನಿಂತಳು. ಏನೋ ಹೇಳಲು ಬಂದವಳು ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದಳು. ಕೊನೆಗೆ, "ಅತ್ತಿ, ಸಿಟ್ಟಾಗಬ್ಯಾಡ್ರಿ. ಹಡಗದಾಗ ಕೂಸಿನ್ನ ನಾನ ಮಲಗಸ್ತೇನಿ. ಜೋಲಿ ತಗೋಬ್ಯಾಡ್ರಿ" ಎಂದಳು.

"ಯಾಕವಾ?"

"ನಾ ಮತ್ತ ಬ್ಯಾಂಕಿಗೆ ಹೊಂಟಾಗಿಂದ ಅದು ನನ್ನ ಮೈಮ್ಯಾಲ ಒಂದ್ಸಲಾನೂ ನಿದ್ದಿ ಮಾಡಿಲ್ಲರಿ. ಮೂರು ದಿನ ರಜಾ ಐತಿ. ನಾ ಒಮ್ಮಿ ನೋಡ್ತೇನಿ."

ಹೂಂ ಎಂದೆ. ಆಕೆ ಆಚೆ ಹೋದ ಮೇಲೆ ಜೋಲಿಯ ಸೀರೆಯನ್ನೂ ಹಗ್ಗವನ್ನೂ ಮಡಚಿ ಚೀಲದ ತಳಕ್ಕೆ ಹಾಕಿ, ಮೇಲೆ ಅಂಟಿನುಂಡಿಯ ಸ್ಟೀಲ್ ಡಬ್ಬಿ ಇಟ್ಟೆ. ಅವಳಿಂದ ಆಗುವುದಿಲ್ಲ, ಆಗ ಬೇಕಾಗುತ್ತದೆ ಎಂದು ನನ್ನ ಲೆಕ್ಕ. ಆಗದಿರಲಿ ಎಂಬ ಆಸೆಯೂ ಒಳಗೆ ಇತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಇತ್ತು.

ಬಂದರಿನಲ್ಲಿ ನಮ್ಮ ಚೀಲಗಳನ್ನು ಯಂತ್ರದೊಳಗೆ ಹಾಯಿಸಿದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಸವಣೂರಿನ ವೀಳ್ಯದೆಲೆಯ ಕಟ್ಟನ್ನು ಕಾವಲಿನವನು ಬಿಚ್ಚಿಸಿ, ಮೂಸಿ, ತೆಗೆದಿಟ್ಟುಕೊಂಡ. ಮೂರು ದಿನ ಎಲೆ ಇಲ್ಲದೆ ನನ್ನ ಬಾಯಿ ಸಪ್ಪಗಾಗಲಿದ್ದರೂ ನಾನು ಜಗಳ ಮಾಡಲಿಲ್ಲ. ತಳದ ಜೋಲಿಗೆ ಅವನ ಕೈ ಹೋಗಲಿಲ್ಲವಲ್ಲ, ಅಷ್ಟು ಸಾಕಿತ್ತು.

ಹಡಗು ಎಂದರೆ ನಾನು ದೋಣಿಯ ಅಣ್ಣನಂಥದ್ದು ಎಂದುಕೊಂಡಿದ್ದೆ. ನೋಡಿದರೆ ಒಂದು ಊರೇ ನೀರಿನ ಮೇಲೆ ನಿಂತಿತ್ತು. ಮಾಸೂರಿನ ಮದಗದ ಕೆರೆ ತುಂಬಿದಾಗ ಅದರ ಏರಿಯ ಮೇಲೆ ನಿಂತು, ಇದಕ್ಕಿಂತ ಹೆಚ್ಚು ನೀರು ದೇವರು ಮಾಡಿರಲಾರ ಎಂದು ಮಕ್ಕಳಿಗೆ ಹೇಳಿದವಳು ನಾನು. ಆ ಮಕ್ಕಳೆಲ್ಲ ನನ್ನನ್ನು ಕ್ಷಮಿಸಲಿ. ಕೂಸಿಗೆ ಮಾತ್ರ ಸಮುದ್ರದ ಹಂಗೇ ಇರಲಿಲ್ಲ. ಅದು ಊಟದ ಮನೆಯಲ್ಲಿ ಚಮಚದಿಂದ ತಟ್ಟೆ ಬಡಿಯುತ್ತ, ಬಡಿಸಲು ಬಂದವರಿಗೆಲ್ಲ ಎರಡು ಹಲ್ಲು ತೋರಿಸಿ ನಗುತ್ತಿತ್ತು.

ನಗು ನಿದ್ದೆಯ ಹೊತ್ತಿನವರೆಗೆ. ಮೊದಲ ರಾತ್ರಿ ಅದು ಅತ್ತು ಅತ್ತು ದಣಿದು ಕಣ್ಣು ಮುಚ್ಚಿತು, ಅದನ್ನು ಮಲಗಿತು ಅನ್ನಲಾಗದು. ಮರುದಿನ ಮಧ್ಯಾಹ್ನ ಮಗ ಮೇಲಿನ ಅಂತಸ್ತಿಗೆ ಕಂಪನಿಯವರ ಸಭೆಗೆ ಹೋದ. ನಾಲ್ಕೂ ಜನಕ್ಕೆ ಇದ್ದ ಒಂದೇ ಸಣ್ಣ ಕೋಣೆಯಲ್ಲಿ ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡತೊಡಗಿದಳು. ಗೋಡೆಯಿಂದ ಗೋಡೆಗೆ ನಾಲ್ಕು ಹೆಜ್ಜೆ. ಕೂಸು ಬೆನ್ನು ಬಿಲ್ಲು ಮಾಡಿ ಚೀರುತ್ತ ನನ್ನ ಕಡೆಗೇ ಕೈ ಚಾಚುತ್ತಿತ್ತು.

"ತಾರವಾ ಇಲ್ಲೆ," ಎಂದೆ.

"ಬ್ಯಾಡ್ರಿ ಅತ್ತಿ." ಅವಳು ಬಾಗಿಲು ತೆಗೆದಳು. "ಹೊರಗ ಸ್ವಲ್ಪ ತಿರಗ್ಯಾಡಿ ಬರ್ತೇನಿ."

ಬಾಗಿಲು ಮುಚ್ಚಿತು. ಅಳು ಓಣಿಯಂಥ ಆ ಉದ್ದನೆಯ ದಾರಿಯಲ್ಲಿ ದೂರ ದೂರ ಹೋಯಿತು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ತಲೆ ಎತ್ತಿ ನೋಡಿದರೆ ಮೇಲೆ ಫ್ಯಾನೂ ಇಲ್ಲ, ತೊಲೆಯೂ ಇಲ್ಲ. ಆದರೆ ನಟ್ಟನಡುವೆ ಬೆರಳುದ್ದದ ಹಿತ್ತಾಳೆಯ ಕೊಂಡಿಯಂಥದ್ದೊಂದು ಕೆಳಗೆ ಚಾಚಿಕೊಂಡಿತ್ತು. ಪರವಾಗಿಲ್ಲ, ಹಡಗು ಕಟ್ಟಿದ ಗೌಂಡಿಗೂ ಬುದ್ಧಿಯಿದೆ ಎಂದುಕೊಂಡೆ.

ಕುರ್ಚಿ ಹತ್ತಿದೆ. ಚಾವಣಿ ಗಿಡ್ಡ, ಕೈಗೆ ಸಿಕ್ಕಿತು. ಹಗ್ಗ ಸುತ್ತಿ ಗಂಟು ಹಾಕಿ ಸೀರೆ ಇಳಿಬಿಟ್ಟೆ. ಚೆಂದವಾಗಿಯೇ ನಿಂತಿತು. ಕೂಸನ್ನು ಕರೆತರಲು ಬಾಗಿಲಿನವರೆಗೂ ಹೋದವಳು ತಿರುಗಿ ಬಂದೆ. ನಮ್ಮಲ್ಲಿ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ, ಗುಂಡುಕಲ್ಲು ಹಾಕಿ ತೂಗುತ್ತೇವೆ. ಕೂಸಿನ ಆಯುಷ್ಯ ಕಲ್ಲಿನಂತಿರಲಿ ಅಂತಲೋ, ಕೊಂಡಿ ಗಟ್ಟಿಯಿದೆಯೋ ನೋಡಲೆಂದೋ, ನನಗೆ ಗೊತ್ತಿಲ್ಲ. ಹಡಗಿನಲ್ಲಿ ಗುಂಡುಕಲ್ಲು ಎಲ್ಲಿ ತರಲಿ? ಉಂಡಿಯ ಡಬ್ಬಿಯನ್ನು ಜೋಲಿಯಲ್ಲಿ ಮಲಗಿಸಿ, ಸೀರೆಯ ಅಂಚು ಹಿಡಿದು ಒಮ್ಮೆ ತೂಗಿದೆ.

ಫಟ್ ಎಂದಿತು. ಆಮೇಲೆ ನೀರು. ಮಳೆಯಲ್ಲ, ಕೊಳವೆಬಾವಿಗೆ ನೀರು ಸಿಕ್ಕಾಗ ಹಾರುವಂಥದ್ದು, ಕಪ್ಪಗೆ, ತುಕ್ಕಿನ ವಾಸನೆಯದು. ನಾನು ಕೊಂಡಿ ಎಂದುಕೊಂಡದ್ದು ಬೆಂಕಿ ಬಿದ್ದರೆ ತಾನೇ ನೀರು ಸುರಿಸುವ ನಳವಂತೆ. ಮಾಸ್ತರಿಕೆ ಮಾಡಿದ ನನಗೆ ಆ ಪಾಠ ಯಾರೂ ಮಾಡಿರಲಿಲ್ಲ. ಎಲ್ಲೋ ಗಂಟೆ ಹೊಡೆದುಕೊಳ್ಳತೊಡಗಿತು. ಹಾಸಿಗೆ, ಚೀಲ, ಮಗನ ಹೊಸ ಅಂಗಿ, ಎಲ್ಲದರ ಮೇಲೂ ನೀರು ಬೀಳುತ್ತಿದ್ದರೆ ನಾನು ನಡುವೆ ನಿಂತು ಉಂಡಿಯ ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದೆ. ಡಬ್ಬಿಯ ಜಾಗದಲ್ಲಿ ಕೂಸು ಇರಬಹುದಿತ್ತು ಎಂಬುದೊಂದೇ ನನ್ನ ತಲೆಯಲ್ಲಿ.

ಬಾಗಿಲು ತೆರೆದಾಗ ಮುಂದೆ ಕೂಸನ್ನೆತ್ತಿಕೊಂಡ ಸೊಸೆ, ಹಿಂದೆ ಹಡಗಿನ ಇಬ್ಬರು ಆಳುಗಳು, ಅವರ ಹಿಂದೆ ಬಿಳಿ ಅಂಗಿಯ ಅಧಿಕಾರಿ. ನೀರು ನಿಲ್ಲಿಸಿದ ಮೇಲೆ ಅಧಿಕಾರಿ, ನಳಕ್ಕೆ ಇನ್ನೂ ಸುತ್ತಿಕೊಂಡಿದ್ದ ಹಗ್ಗವನ್ನು ನೋಡಿದ. ಇದನ್ನು ಕಟ್ಟಿದವರು ಯಾರು ಎಂದು ಹಿಂದಿಯಲ್ಲಿ ದನಿ ಏರಿಸಿ ಕೇಳಿದ. ಸೊಸೆ ಜೋಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಬೇಡವೆಂದದ್ದನ್ನು ನಾನು ಕದ್ದು ತಂದಿದ್ದೆ, ಅವಳು ಬೆನ್ನು ತಿರುಗಿಸಿದ ಕೂಡಲೇ ಕಟ್ಟಿದ್ದೆ.

"ನಾನೇ," ಎಂದಳು ಅವಳು ಹಿಂದಿಯಲ್ಲಿ. "ಗೊತ್ತಾಗಲಿಲ್ಲ. ತಪ್ಪಾಯಿತು."

ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು ಬಾಯಿ ಬಿಡಲಿಲ್ಲ. ಅಧಿಕಾರಿ ಕೂಸನ್ನು ನೋಡಿ ತಣ್ಣಗಾದ. ಕೇಳಿದ್ದರೆ ಕೂಸಿನ ಮಂಚ ಕೊಡುತ್ತಿದ್ದೆವಲ್ಲ ಎಂದ. ಕೋಣೆ ಒಣಗುವವರೆಗೆ ಮೇಲೆ ಕುಳಿತಿರಿ ಎಂದು ನಮಗೆ ದೊಡ್ಡ ದೊಡ್ಡ ಟವೆಲ್ ಕೊಟ್ಟು ಕಳಿಸಿದರು.

ಮೇಲೆ ಬಯಲಿನಲ್ಲಿ ಉದ್ದ ಕುರ್ಚಿಗಳಿದ್ದವು. ಬಿಸಿಲು ಹಿತವಾಗಿತ್ತು. ಕೂಸು ಮತ್ತೆ ನನ್ನ ಕಡೆ ಎರಡೂ ಕೈ ಚಾಚಿ ಅತ್ತಿತು. ಸೊಸೆ ಈ ಸಲ ಬೇಡ ಅನ್ನಲಿಲ್ಲ. ಕೂಸನ್ನು ನನ್ನತ್ತ ನೀಡಿದಳು, ರವಿವಾರ ನೀಡುತ್ತಿದ್ದ ಹಾಗೆಯೇ. ಆ ಮುಖವನ್ನು ನಾನು ಅವತ್ತು ನೋಡಿದೆ.

"ನಾ ತೊಯ್ದೇನವಾ. ಹೊಲಸು ನೀರು. ನೀನ ಇಟಗೋ," ಎಂದೆ. ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಳ್ಳಬಹುದಿತ್ತು. ಎತ್ತಿಕೊಳ್ಳಲಿಲ್ಲ. ಅದಕ್ಕೆ ನನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳಬೇಕಾಯಿತು.

ಅವಳು ಕುರ್ಚಿಯಲ್ಲಿ ಒರಗಿ ಕೂಸನ್ನು ಎದೆಯ ಮೇಲೆ ಬೋರಲು ಹಾಕಿಕೊಂಡಳು. ಅದು ತಲೆ ಆಡಿಸುತ್ತ ಅಳುತ್ತಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡದೆ ಕೇಳಿದಳು, "ನೀವು ಅದಕ್ಕ ಏನ್ ಹಾಡ್ತೀರಿ ಅತ್ತಿ?"

ಅವಳು ಮನೆಯಲ್ಲಿದ್ದಾಗಲೆಲ್ಲ ನಾನದನ್ನು ಕೂಸಿನ ಕಿವಿಯಲ್ಲಷ್ಟೇ ಪಿಸುಗುಟ್ಟುತ್ತಿದ್ದೆ, ಅವಳಿಗೆ ಹೇಗೆ ಗೊತ್ತಿರಬೇಕು. ಹೇಳಬಾರದು ಎಂದು ಒಂದು ಕ್ಷಣ ಅನ್ನಿಸಿತು. ಅದೊಂದಾದರೂ ನನ್ನದಾಗಿ ಇರಲಿ ಎಂದು. ಆಮೇಲೆ ಆ 'ನಾನೇ' ನೆನಪಾಯಿತು.

"ಹಾಡಲ್ಲವಾ. ಮಗ್ಗಿ."

"ಆಂ?"

"ಮಗ್ಗಿ ಹೇಳ್ತೇನಿ. ಎರಡರಿಂದ ಹಿಡಿ. ಬೆನ್ನು ತಟ್ಟಬ್ಯಾಡ, ಅದಕ್ಕ ಸೇರಂಗಿಲ್ಲ. ಕಿವಿ ಹಿಂದ ಬೆರಳಿಂದ ಸವರು. ಗಡಬಡಿ ಮಾಡಬ್ಯಾಡ."

ಕೂಸಿನ ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಲ್ಕು ಎಂದು ಶುರು ಮಾಡಿದಳು. ಅವಳ ದನಿ ನನ್ನದಕ್ಕಿಂತ ಮೆತ್ತಗೆ. ಮೂರರ ಮಗ್ಗಿಗೆ ಕೂಸು ಅಳು ನಿಲ್ಲಿಸಿ ತಲೆ ಎತ್ತಿ, ಇದು ಇವಳ ಬಾಯಿಗೆ ಹೇಗೆ ಬಂತು ಎಂಬಂತೆ ಅವ್ವನ ಬಾಯಿಯನ್ನೇ ನೋಡಿತು. ಹಡಗು ನಿಧಾನವಾಗಿ ಆ ಕಡೆ ಈ ಕಡೆ ಆಡುತ್ತಿತ್ತು. ನಾಲ್ಕರ ಮಗ್ಗಿಗೆ ಕೆನ್ನೆಯನ್ನು ಅವಳ ಎದೆಗೆ ಆನಿಸಿತು. ಏಳರ ಮಗ್ಗಿಗೆ ಮುಷ್ಟಿ ಸಡಿಲವಾಯಿತು. ಅವಳು ನಿಲ್ಲಿಸುವ ಧೈರ್ಯವಿಲ್ಲದೆ ಒಂಬತ್ತರವರೆಗೂ ಹೇಳಿದಳು.

ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಲಿಲ್ಲ, ಕೂಸು ಅಲುಗೀತೆಂದು. ನನ್ನ ಎದೆಯಲ್ಲಿ ಸಂತೋಷವೂ ಆಯಿತು, ಸಂಕಟವೂ ಆಯಿತು. ಸಂಕಟವೇ ಒಂದು ಗುಲಗಂಜಿ ಹೆಚ್ಚು ಎಂದು ಒಪ್ಪಿಕೊಳ್ಳುತ್ತೇನೆ.

"ನೀ ಯಾಕವಾ ತಪ್ಪು ನಿನ್ನ ಮ್ಯಾಲ ಹಾಕ್ಕೊಂಡಿ?" ಎಂದು ಮೆಲ್ಲಗೆ ಕೇಳಿದೆ.

"ಆ ಮನಶ್ಯಾ ನಿಮ್ಮ ಮುಂದ ದನಿ ಏರಿಸಿದ್ದು ನನಗ ನೋಡಾಕ ಆಗಲಿಲ್ಲರಿ," ಎಂದಳು ಪಿಸುದನಿಯಲ್ಲಿ.

ನಾನು ಸಮುದ್ರದ ಕಡೆ ಮುಖ ತಿರುಗಿಸಿ ಕುಳಿತೆ.

"ಅತ್ತಿ," ಎಂದಳು ಮತ್ತೆ.

ತಿರುಗಿ ನೋಡಿದರೆ ಅವಳ ಕಣ್ಣು ನನ್ನ ಕಾಲಿನ ಮೇಲಿತ್ತು. ನನಗೇ ತಿಳಿಯದೆ ಬಲಗಾಲು ತೂಗುತ್ತಿತ್ತು, ಮನೆಯ ಪಡಸಾಲೆಯಲ್ಲಿ ತೂಗುವ ಹಾಗೆಯೇ, ಹೆಬ್ಬೆರಳು ಮಡಚಿಕೊಂಡು. ನಾಚಿಕೆಯಾಗಿ ಥಟ್ಟನೆ ನಿಲ್ಲಿಸಿ ಸೀರೆಯ ಅಂಚಿನೊಳಗೆ ಎಳೆದುಕೊಂಡೆ.

"ನಿಲ್ಲಸಬ್ಯಾಡ್ರಿ," ಎಂದಳು. "ನೀವು ತೂಗೋದು ಬಿಟ್ರ ಅದು ಎದ್ದುಬಿಡ್ತೈತಿ."

ನನ್ನ ಬೆರಳಿಗೆ ಹಗ್ಗವಿರಲಿಲ್ಲ, ಹಗ್ಗದ ಆ ತುದಿಗೆ ಜೋಲಿಯೂ ಇರಲಿಲ್ಲ. ಕಾಲು ಹೊರಗೆ ಚಾಚಿ ಮತ್ತೆ ತೂಗತೊಡಗಿದೆ. ಕೂಸು ಏಳುವವರೆಗೂ ತೂಗಿದೆ.